ನಾಲ್ಕುನೂರ ಒಂದು

ಚಿಕ್ಕಮಗಳೂರು, ಕಾಫಿ ಕ್ಯೂರಿಂಗ್ ವರ್ಕ್ಸು,
ತೂಕದ ಮನೆಗೆ ಅಂಟಿದ ಕಿಟಕಿಯಿಲ್ಲದ ಕೋಣೆ.
ಸಂಜೆಯಿಂದ ಕೇಳುತ್ತಿದ್ದೇನೆ ಸರ್ವರನ್ನು:
ಎಷ್ಟು ಕಂಟೈನರ್ ಎದ್ದಿವೆ, ಎಷ್ಟು ಮಲಗಿವೆ?
ಒಂದೇ ಉತ್ತರ, ನಾಲ್ಕುನೂರ ಒಂದು.
ಅಂದರೆ, ನೀನು ಯಾರು.

ಯಾರೆಂದರೆ, ಮಾರಾಯ,
ನಿನ್ನನ್ನು ಇಲ್ಲಿ ಕೂರಿಸಿದವಳು.

ಗೇಟಿನ ಸಣ್ಣೇಗೌಡರಿಗೆ ನನ್ನ ಚಪ್ಪಲಿಯ ಸದ್ದೇ ಸಾಕು,
ಬೀಡಿಯಿಂದ ಕಣ್ಣು ಕೀಳುವುದಿಲ್ಲ.
ನಿನಗೆ ಟೋಕನ್ನೇ ಬೇಕು, ಹೆಡರಿನಲ್ಲಿ,
ಬೇರರ್ ಎಂದು ಬರೆದು, ಒಂದು ಜಾಗ ಬಿಟ್ಟು.
ಜಾಗ ಮರೆತರೂ ಮುನಿಸು.

ಅವ್ವನಿಗೂ ಇತ್ತು ಇದೇ ಗೇಟಿನದು,
ಹಿತ್ತಾಳೆಯ ಬಿಲ್ಲೆ, ಇನ್ನೂರ ಹನ್ನೆರಡು.
ಅವಳು ಜ್ವರದಲ್ಲಿ ಮಲಗಿದ ವಾರ
ಪುಟ್ಟಚಿಕ್ಕಿ ಅದನ್ನೇ ಸೆರಗಿಗೆ ಗಂಟು ಹಾಕಿಕೊಂಡು ಹೋಗಿ
ಆರು ದಿನ ಬೀಜ ಆರಿಸಿದಳು.
ಇನ್ನೂರ ಹನ್ನೆರಡಕ್ಕೆ ಹಾಜರಿ ಬಿತ್ತು, ಕೂಲಿ ಬಂತು.
ಹಿಡಿದ ಕೈ ಯಾರದೆಂದು
ಯಾರೂ ಕೇಳಲಿಲ್ಲ.

ನೀನೂ ಅದೇ ಜಾತಿ.
ನಿನ್ನದು ಗಂಟೆಗೊಮ್ಮೆ ಹಳಸುತ್ತದೆ,
ಹಿತ್ತಾಳೆ ಹಳಸುತ್ತಿರಲಿಲ್ಲ, ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದಳು.

ಪಾಸ್‌ವರ್ಡ್ ಕೊಟ್ಟೆ, ಹೊಸ ಟೋಕನ್ ಬಂತು,
ಗೇಣುದ್ದದ ಅಕ್ಷರದ ಸಾಲು. ಅಂಟಿಸಿದೆ.

ಇನ್ನೂರು, ಅಂದಿತು ಪರದೆ.
ಹನ್ನೆರಡು, ಅಂದೆ ನಾನು,
ಬಾಯಿ ತಪ್ಪಿ.