ಹನ್ನೊಂದು ಜಿಬಿ

ವಯಾಲಾದಲ್ಲಿ ಇವತ್ತು ನಲವತ್ತೊಂದು ಡಿಗ್ರಿ.
ಉಕ್ಕಿನ ಕಾರ್ಖಾನೆಯ ಕೆಂಪು ದೂಳು
ಕಿಟಕಿಯ ಜಾಲರಿಯಲ್ಲಿ ಕೂತಿದೆ,
ಒರೆಸಿದರೆ ಹರಡುತ್ತದೆ, ಬಿಟ್ಟರೆ ಬೆಳೆಯುತ್ತದೆ.
ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಬಂದವಳು
ಮಲಗದೆ ಕಂಪ್ಯೂಟರಿನ ಮುಂದೆ ಕೂತಿದ್ದೇನೆ,
ಆಡಲಿಕ್ಕಲ್ಲ,
ಜಾಗದ ಲೆಕ್ಕ ಹಾಕಲಿಕ್ಕೆ.

ಡಿಸ್ಕಿನ ಪಟ್ಟಿ ಕೆಂಪಗಾಗಿದೆ:
ಎರಡು ಟೆರಾಬೈಟಿನಲ್ಲಿ ಉಳಿದದ್ದು ಹನ್ನೊಂದು ಜಿಬಿ.
ಪಕ್ಕದ ಮನೆಯ ಕೋಬಿ ಬೇಲಿಯ ಮೇಲಿಂದ ಕೇಳಿದ ಆಟಕ್ಕೆ
ಬೇಕು ನೂರ ಮೂವತ್ತೆಂಟು.
ಅವನ ಮನೆಯಲ್ಲಿ ನೆಟ್ ಕಟ್ಟಾಗಿ ತಿಂಗಳಾಯಿತು;
ಅಮ್ಮ ಶೆರಿಲಿನ್ ಬಿಲ್ಲನ್ನು ಫ್ರಿಜ್ಜಿಗೆ ಅಂಟಿಸಿದ್ದಾಳೆ,
ಮೀನಿನಾಕಾರದ ಆಯಸ್ಕಾಂತದ ಕೆಳಗೆ.
"ನಿಮ್ಮಲ್ಲಿ ಇಳಿಸಿಕೊಡ್ತೀರಾ?"
ಅಂತ ಹಳೇ ಹಾರ್ಡ್ ಡಿಸ್ಕೊಂದನ್ನು
ಕಾಲುಚೀಲದಲ್ಲಿ ಸುತ್ತಿ ಕೊಟ್ಟ.
ಅದೋ, ಬಿಸಿಯಾದರೆ ಮೂರ್ಛೆ ಹೋಗುವ ಡಿಸ್ಕು.
ಮೊದಲು ನನ್ನಲ್ಲಿ ಇಳಿಸಬೇಕು,
ಆಮೇಲೆ ತುತ್ತು ತುತ್ತಾಗಿ ಅದಕ್ಕೆ ಉಣಿಸಬೇಕು.

ನನ್ನ ನೆಟ್ಟಾದರೂ ಎಂಥದು?
ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.
ನೂರ ಮೂವತ್ತೆಂಟು ಇಳಿಯಲು ಮೂರು ರಾತ್ರಿ.
ಹಾಗಾಗಿ ಇಲ್ಲಿ ಆಟ ಅಳಿಸುವುದೆಂದರೆ
ಅಡಿಲೇಡಿನ ಬಸ್ಸು ಹತ್ತಿಸಿದ ಹಾಗೆ:
ವಾಪಸು ಬರುತ್ತಾರೆ, ಬರುವುದಿಲ್ಲವೆಂದಲ್ಲ,
ಬೇಕೆಂದ ದಿನ ಬರುವುದಿಲ್ಲ.

ಒಟ್ಟು ನಾನೂರ ಹದಿನಾರು ಆಟ.
ಮುಗಿಸಿದ್ದು ಇಪ್ಪತ್ತೊಂಬತ್ತು.
ಉಳಿದವೆಲ್ಲ ರಿಯಾಯಿತಿಯ ವಾರದವು,
ಒಂದು ಕಾಫಿಯ ದುಡ್ಡಿಗೆ ಒಂದು ಸಾಮ್ರಾಜ್ಯ.
ಕೊಂಡಾಗಲೇ ಗೆದ್ದಷ್ಟು ಖುಷಿಯಾಗಿ
ಆಡುವ ಪ್ರಮೇಯವೇ ಬೀಳಲಿಲ್ಲ.

ಗಾತ್ರದ ಪ್ರಕಾರ ಜೋಡಿಸಿದೆ.
ಮೊದಲ ಸಾಲಲ್ಲಿ ಯುದ್ಧ. ತೊಂಬತ್ತಾರು.
ಅದರಲ್ಲಿ ಇಪ್ಪತ್ತು ಬರೀ ದನಿಗಳು:
ಫ್ರೆಂಚ್, ಪೋಲಿಷ್, ಜಪಾನಿ, ಬ್ರೆಜಿಲಿನ ಪೋರ್ಚುಗೀಸು,
ನನ್ನ ಮನೆಯಲ್ಲಿದ್ದೂ ಒಂದು ದಿನ ಬಾಯಿ ಬಿಡದವರು.
ಕನ್ನಡ ಇರಲಿಲ್ಲ.
ಅಳಿಸುವಾಗ ಯಾರೂ ಪರಿಚಯದವರು ಸಿಗಲಿಲ್ಲ.
ಆಮೇಲೆ ಆಡದ ಮೂರು ಸಾಮ್ರಾಜ್ಯ, ಹದಿನಾಲ್ಕು.
ಆಮೇಲೆ ರೈಲು.
ಹಿಮದ ಬೆಟ್ಟದಲ್ಲಿ ಗೂಡ್ಸ್ ಗಾಡಿ ಓಡಿಸುವ ಆಟ.
ಹೊರಗೆ ಅದಿರಿನ ರೈಲು ಕೂಗಿದರೆ
ಕೂಗಿದ್ದು ಯಾವುದೆಂದು ಎಷ್ಟೋ ಸಲ ಬ್ರೇಕ್ ಹಾಕಿದ್ದೇನೆ.
ಬೇಡ. ಅದು ಇರಲಿ.

ಇನ್ನೂ ಹದಿನೇಳು ಕಮ್ಮಿ.

ಹುಡುಕುತ್ತ ಹೋದರೆ ಮೂಲೆಯಲ್ಲೊಂದು ಫೋಲ್ಡರ್,
ಆಟ ನಡೆದಾಗ ತಾನಾಗಿ ಚಿತ್ರಿಸಿಕೊಂಡದ್ದು,
ನನ್ನನ್ನು ಕೇಳದೆ ನನ್ನ ಸೋಲುಗಳನ್ನೆಲ್ಲ
ಇಪ್ಪತ್ತೇಳು ಜಿಬಿಯಷ್ಟು ಜೋಪಾನ ಮಾಡಿತ್ತು.
ಅದರಲ್ಲಿ ಒಂದೇ ಒಂದು ಒಂಬತ್ತು ಜಿಬಿ.
ತೆರೆದೆ.
ನನ್ನ ಬಿಲ್ಲುಗಾತಿ ಕೊಳದ ದಂಡೆಯಲ್ಲಿ ನಿಂತಿದ್ದಾಳೆ.
ಕತ್ತು ಕೆರೆದುಕೊಳ್ಳುತ್ತಾಳೆ.
ಕಾಲು ಬದಲಿಸುತ್ತಾಳೆ.
ಬಾಣದ ತುದಿ ನೋಡಿಕೊಂಡು ಮತ್ತೆ ಕತ್ತು.
ಮುಂದಕ್ಕೆ ಓಡಿಸಿದೆ: ಸಂಜೆಯಾಯಿತು, ಮಳೆ ಬಂತು,
ನಿಂತೇ ಇದ್ದಾಳೆ. ಎರಡು ಗಂಟೆ ಹನ್ನೊಂದು ನಿಮಿಷ.

ಎಲ್ಲಿ ಹೋಗಿದ್ದೆ ನಾನು?
ತಾರೀಕು ನೋಡಿದೆ. ಕಳೆದ ಜೂನ್ ಹದಿನೇಳು.
ಅವತ್ತು ಕೋಬಿ ಬಾಗಿಲು ಬಡಿದು
"ಕಟಲ್‌ಫಿಶ್ ಬಂದಿವೆ, ಬನ್ನಿ, ಹತ್ತೇ ನಿಮಿಷ" ಅಂದಿದ್ದ.
ಶೆರಿಲಿನ್‌ಳ ಕಾರಿನಲ್ಲಿ ಪಾಯಿಂಟ್ ಲೋಲಿಗೆ.
ಮಂಡಿಯುದ್ದ ನೀರು, ಹಲ್ಲು ಕಟಕಟ,
ಬಂಡೆಯಂಥ ಬಂಡೆಯೊಂದು ಕಣ್ಣೆದುರೇ
ನೇರಳೆಯಾಗಿ, ಹುಲಿಪಟ್ಟೆಯಾಗಿ, ಮತ್ತೆ ಬಂಡೆಯಾಗಿ ಈಜಿ ಹೋಯಿತು.
ನನ್ನ ಹತ್ತಿರ ಅವತ್ತಿನದು ಒಂದು ಫೋಟೋ ಇಲ್ಲ.
ಇರುವುದು ಇದೊಂದೇ:
ನಾನಿಲ್ಲದ ಕುರ್ಚಿಯ ಮುಂದೆ
ಅವಳು ಮಳೆಯಲ್ಲಿ ನೆನೆದದ್ದು.

ಉಳಿದ ಹದಿನೆಂಟು ಅಳಿಸಿದೆ.
ಒಂದು ಜಿಬಿ ಮಿಕ್ಕಿತು.
ಬಿಚ್ಚುವಾಗ ಆಟಕ್ಕೆ ಇನ್ನಷ್ಟು ಜಾಗ ಬೇಕಾಗುತ್ತಂತೆ,
ಹಾಸಿಗೆ ಇದ್ದಷ್ಟು ಕಾಲು ಚಾಚಲಿ, ನೋಡೋಣ.
ಶೇಕಡಾ ಎರಡು ಇಳಿದಿದೆ.
ಕೋಬಿಯ ಕಾಲುಚೀಲ ತೊಳೆದು ತಂತಿಗೆ ಹಾಕಿದ್ದೆ;
ಒಣಗಿದೆ, ಆಗಲೇ ಕೆಂಪಗೆ.