ಮೈದಾ ಅಂಟು

ಎರಡು ಹಿಡಿ ಮೈದಾ, ಚೊಂಬು ನೀರು, ಸಣ್ಣ ಉರಿ.
ಚಿಟಿಕೆ ಮೈಲುತುತ್ತು ಹಾಕು ಅನ್ನುತ್ತಾರೆ, ಜಿರಳೆ ಮುಟ್ಟುವುದಿಲ್ಲ.
ಆದರೆ ದನ ನೆಕ್ಕಿದರೆ? ನಾನು ಹಾಕುವುದಿಲ್ಲ.
ಅಮ್ಮತ್ತಿ ದಾರಿಯ ನಮ್ಮ ಪಂಚಾಯ್ತಿ ಗೋಡೆಗೆ
ಹನ್ನೊಂದು ವರ್ಷದಿಂದ
ಸರ್ಕಾರದ ಮಾತು ಅಂಟಿಸುವವಳು ನಾನೇ.

ಈ ವಾರ ಮೂರು ಬಂದಿವೆ.

ಠಾಣೆಯದು ಕೆಂಪು ಅಕ್ಷರದಲ್ಲಿ:
ಕಣದಲ್ಲಿ ಕಾಫಿ ಒಣಗುವಾಗ ರಾತ್ರಿ ಕಾವಲಿರಲಿ,
ಕರಿಮೆಣಸಿನ ಮೂಟೆ ಹೊರಗೆ ಬಿಡಬೇಡಿ,
ಅಪರಿಚಿತರು ಕಂಡರೆ ತಿಳಿಸಿ.
ಬ್ರಷ್ ಅದ್ದುವಾಗ ಹಿಂದೆ ಬಂದು ನಿಂತ
ಲೈನ್ ಮನೆಯ ಅಸ್ಸಾಮಿನ ಹುಡುಗ ರೊಫೀಕುಲ್,
ಕೈಯಲ್ಲಿ ಕಾಗದದ ಪೊಟ್ಟಣ, ಆರು ಮೊಟ್ಟೆ.
ಏನಕ್ಕಾ ಅದು? ಓದಿ ಹೇಳಿದೆ.
ಅಪರಿಚಿತ ಅಂದರೆ?
ಗುರುತಿಲ್ಲದವರು.
ನಿಮಗೆ ನನ್ನ ಗುರುತಿದೆಯಲ್ಲ?
ಇದೆ, ಅಂದೆ.
ನಾಲ್ಕು ಹೆಜ್ಜೆ ಇಳಿದವನು ತಿರುಗಿ ನೋಡಿದ,
ನನ್ನನ್ನಲ್ಲ, ಗೋಡೆಯನ್ನು.

ಎರಡನೆಯದು ನೀಲಿ:
ಓಟಿಪಿ ಯಾರಿಗೂ ಹೇಳಬೇಡಿ, ಕಂಡ ಲಿಂಕ್ ಒತ್ತಬೇಡಿ,
ವಿಡಿಯೋ ಕರೆಯಲ್ಲಿ ಯಾರೂ ಯಾರನ್ನೂ ಬಂಧಿಸಲಾಗದು,
ದುಡ್ಡು ಹೋದರೆ ತಡಮಾಡದೆ ೧೯೩೦.
ಮಬ್ಬುಗತ್ತಲಲ್ಲಿ ಸುಬೇದಾರ್ ಪಳಂಗಪ್ಪ ಬಂದರು,
ಟಾರ್ಚ್ ಬಿಟ್ಟು ಎರಡು ಸಲ ಓದಿದರು.
ಕೋವಿ ಮಡಿಲಲ್ಲಿಟ್ಟು ಕಣ ಕಾಯುತ್ತಾ ಕೂತಿದ್ದೆ,
ಕಳ್ಳ ಜೇಬಿನಲ್ಲೇ ಇದ್ದನಲ್ಲ, ಅಂದರು ಗೋಡೆಗೆ.
ಫೋನಿನಲ್ಲಿ ಯೂನಿಫಾರ್ಮ್ ಕಂಡಿತು.
ಕುರ್ಚಿಯಿಂದ ಎದ್ದು ನಿಂತೆ.
ಅರವತ್ತೊಂಬತ್ತು ವರ್ಷ, ಮಂಡಿ ನೋವು,
ಎದ್ದು ನಿಂತೇ ಮಾತಾಡಿದೆ ಮೂರು ಗಂಟೆ.
ಎಷ್ಟು ಹೋಯಿತು ಎಂದು ನಾನು ಕೇಳಲಿಲ್ಲ.
ಮೂವತ್ತು… ನಮ್ಮಪ್ಪ ಹುಟ್ಟಿದ ಇಸವಿ, ಮರೆಯಲಿಕ್ಕಿಲ್ಲ,
ಅಂದು ಟಾರ್ಚ್ ಆರಿಸಿದರು.
ಸ್ವಲ್ಪ ಹೊತ್ತಿಗೆ ಕತ್ತಲಿಂದ ದನಿ:
ಇದನ್ನು ಒಂದು ಗೇಣು ಕೆಳಗೆ ಅಂಟಿಸು,
ಬೆನ್ನು ಬಗ್ಗಿದವರಿಗೂ ಕಾಣಲಿ.

ಮೂರನೆಯದಕ್ಕೆ ಬಣ್ಣವಿಲ್ಲ.
ಪೈಸಾರಿ ಜಾಗದಲ್ಲಿ ಕಸ ವಿಲೇವಾರಿ ಘಟಕ,
ಆಕ್ಷೇಪಣೆ ಇದ್ದಲ್ಲಿ ಗ್ರಾಮಸಭೆಗೆ ಹಾಜರಾಗತಕ್ಕದ್ದು,
ತಪ್ಪಿದಲ್ಲಿ ಒಪ್ಪಿಗೆ ಇದೆಯೆಂದು ಭಾವಿಸಲಾಗುವುದು.
ಬೆಳಿಗ್ಗೆ ಬಂದು ನೋಡಿದರೆ
ಮಾಜಿ ಅಧ್ಯಕ್ಷರ ಹಸು
ಭಾವಿಸಲಾಗುವುದನ್ನು ಬಿಟ್ಟು ತಾರೀಕು ತಿಂದಿತ್ತು.
ಪಿಡಿಒ ಸಾಹೇಬರು ನಕ್ಕರು:
ಅಂಟಿಸಿದ ಫೋಟೋ ಇದೆಯಲ್ಲ, ಕಳಿಸಿಯೂ ಆಯಿತು,
ನಿನ್ನ ಕೆಲಸ ಅಷ್ಟೇ.

ಹೌದು, ನನ್ನ ಕೆಲಸ ಅಷ್ಟೇ.

ಎರವರ ಚೋಮಿ ರೇಷನ್‌ಗೆ ಬಂದವಳು
ಹರಿದ ಹಾಳೆಯ ಮುಂದೆ ನಿಂತಿದ್ದಳು.
ನಮ್ಮ ಹಾಡಿಯ ಹೆಸರುಂಟಾ ಇದರಲ್ಲಿ?
ಉಂಟು.
ಎಲ್ಲಿ?
ಅವಳ ಬೆರಳು ಹಿಡಿದು ತೋರಿಸಿದೆ.
ಇಷ್ಟೇಯಾ, ಅಂದಳು, ಇಪ್ಪತ್ತೆರಡು ಮನೆ ಇದೆಯಲ್ಲ.
ಹಸಿ ಅಂಟು ಬೆರಳಿಗೆ ಹತ್ತಿತು,
ಸೆರಗಿಗೆ ಒರೆಸಿಕೊಂಡಳು.

ಸಂಜೆ ಬಕೆಟ್ಟಿನಲ್ಲಿ ಅಂಟು ಮಿಕ್ಕಿತ್ತು.
ಒಂದು ಪ್ರತಿ ಮಡಚಿಕೊಂಡು ಹಾಡಿಗೆ ನಡೆದೆ,
ಆನೆ ದಾಟುವ ಹೊತ್ತಿಗೆ ಮುಂಚೆ ತಿರುಗಬೇಕು.
ಅಲ್ಲಿ ಗೋಡೆಯೆಂದರೆ ಬಿದಿರು ತಟ್ಟಿ, ನೀಲಿ ಟಾರ್ಪಾಲು.
ಮೂರು ಕಡೆ ಒತ್ತಿ ನೋಡಿದೆ,
ಹಾಳೆ ಜಾರಿ ಜಾರಿ ಬಿತ್ತು.
ಕೊನೆಗೆ ಬಾಯಿ ಬಿಡಬೇಕಾಯಿತು.
ಸರ್ವೆ ನಂಬರು, ಘಟಕ, ಆಕ್ಷೇಪಣೆ,
ಒಂದೊಂದೂ ನನ್ನ ನಾಲಿಗೆಗೇ ಅಂಟಿದವು.
ಬಿಡಿಸಿ ಹೇಳಿದೆ: ನಿಮ್ಮ ತೋಡಿನ ಪಕ್ಕ ಊರ ಕಸ.
ಬೇಡದಿದ್ದರೆ ಮಂಗಳವಾರ ಹನ್ನೊಂದಕ್ಕೆ ಬಂದು ಬೇಡ ಅನ್ನಿ.

ಯಾರೂ ಮಾತಾಡಲಿಲ್ಲ.
ಒಲೆಯ ಮೇಲೆ ಏನೋ ಉಕ್ಕಿತು, ಒಬ್ಬಳು ಓಡಿದಳು.
ಚೋಮಿ ಬೆರಳು ಮಡಚುತ್ತಿದ್ದಳು:
ಕಾಫಿ ಕುಯ್ಲು. ಒಂದು ದಿನದ ಕೂಲಿ.
ಇಪ್ಪತ್ತೆರಡು ಮನೆಗೆ ಎಷ್ಟಾಯಿತು?

ಲೆಕ್ಕ ನನಗೂ ಬರಲಿಲ್ಲ.