ಹಿಮವತ್ಕೇದಾರಕ್ಕೆ ಹೋದದ್ದು

ನಾನು ಐಸ್ ಫ್ಯಾಕ್ಟರಿಯವನು.
ಹೊಳಲ್ಕೆರೆ ರಸ್ತೆಯ ಶೆಡ್ಡಿನಲ್ಲಿ ಹನ್ನೊಂದು ವರ್ಷದಿಂದ
ತಗಡಿನ ಅಚ್ಚಿಗೆ ಬೋರಿನ ನೀರು ತುಂಬಿ
ಉಪ್ಪುನೀರಿನ ತೊಟ್ಟಿಗೆ ಇಳಿಸುತ್ತೇನೆ.
ಬೆಳಗಾದರೆ ಗೋಣಿ ಸುತ್ತಿ, ಹೊಟ್ಟು ಮೆತ್ತಿ,
ಕಬ್ಬಿನ ಹಾಲಿನ ಗಾಡಿಗಳಿಗೆ ಒಡೆದು ಕೊಡುತ್ತೇನೆ.
ನಾನು ಕಂಡ ಹಿಮ ಇಷ್ಟೇ.

ಪಾಲಯ್ಯ ನಿಜವಾದದ್ದನ್ನು ನೋಡಿ ಬಂದವನು.
ಅತ್ತೆಯ ಮಗ. ಹದಿನೇಳು ವರ್ಷ ಮಿಲಿಟರಿಯಲ್ಲಿದ್ದು
ಒಂದು ಕಬ್ಬಿಣದ ಪೆಟ್ಟಿಗೆ,
ಕರೆದರಷ್ಟೇ ಓ ಅನ್ನುವ ಬಾಯಿ, ಇಷ್ಟು ತಂದವನು.
'ಬೆಟ್ಟ ತೋರಿಸ್ತೀನಿ ಬಾರೋ, ಜೋಗಿಮಟ್ಟಿ' ಅಂದೆ.
'ಬೆಟ್ಟನಾ?' ಅಂದು ನಕ್ಕ.
ಆ ನಗುವೇ ನಮ್ಮ ಬೆಟ್ಟಕ್ಕಿಂತ ಎತ್ತರವಿತ್ತು.

ಗೇಟಿನಲ್ಲಿ ಗಾರ್ಡು ಚೀಟಿ ಹರಿದ.
ಪ್ಲಾಸ್ಟಿಕ್ ಬಾಟಲಿ ಎರಡು ಅಂತ ಬರೆದುಕೊಂಡ,
ವಾಪಸು ತೋರಿಸದಿದ್ದರೆ ದಂಡ ಅಂದ.
ನಡೆದೆವು. ಸೀತಾಫಲದ ಗಿಡಗಳ ನಡುವೆ
ಕಾಣದ ನವಿಲೊಂದು ಕೂಗಿ ಕೂಗಿ
ಯಾರನ್ನೋ ಬೈಯುತ್ತಿತ್ತು.
ಪಾಲಯ್ಯನ ಹೆಜ್ಜೆಯಲ್ಲೊಂದು ಸಣ್ಣ ಕೊಸರು,
ಎಡಕ್ಕೆ ಮಾತ್ರ. ನಾನು ಕೇಳಲಿಲ್ಲ.

ಕೊರಕಲಿಗೆ ಇಳಿದರೆ ಬಿಸಿಲು ತಟ್ಟನೆ ಹಿಂದುಳಿಯಿತು.
ಎರಡು ಬಂಡೆಗಳ ಸಂದು, ಬಾವಲಿ ವಾಸನೆ,
ಕಲ್ಲು ಬೆವರಿ ಒಂದೊಂದೇ ಹನಿ.
'ಇದೇನಾ?'
'ಇದೇ. ಹಿಮವತ್ಕೇದಾರ.'
'ಹಿಮ ಎಲ್ಲೈತೋ?'
'ಹೆಸರಲ್ಲೈತೆ.'

ಯಾರಿಟ್ಟರೋ ಈ ಹೆಸರು.
ಬಡಗಣ ಬೆಟ್ಟಗಳಿಗೆ ನಡೆದು ಹೋಗಿ ಬಂದವನೋ,
ಹೋಗಲಾರದೆ ಇಲ್ಲೇ ಉಳಿದವನೋ.
ನನಗೆ ಉಳಿದವನ ಮೇಲೇ ಅನುಮಾನ.
ನಡು ಬೇಸಿಗೆಯಲ್ಲಿ ಬಂದು ಈ ನೀರಿಗೆ ಕಾಲಿಟ್ಟಿರಬೇಕು,
ಅಷ್ಟು ದೂರದ ಒಂದು ಪದ
ಹಿಮ್ಮಡಿಯಿಂದ ನೆತ್ತಿಗೆ ಏರಿರಬೇಕು.

ಪಾಲಯ್ಯ ಬೂಟು ಬಿಚ್ಚಿದ, ಕಾಲುಚೀಲ ಬಿಚ್ಚಿದ.
ಎಡಗಾಲಿಗೆ ಮೂರು ಬೆರಳು.
'ಎರಡು ಅಲ್ಲೇ ಮೇಲೆ ಉಳಿದ್ವು' ಅಂದ,
ಬಸ್ ಸ್ಟ್ಯಾಂಡಿನಲ್ಲಿ ಕೊಡೆ ಮರೆತವನ ಹಾಗೆ.
ನನಗೆ ಏನನ್ನಬೇಕೋ ತೋಚಲಿಲ್ಲ.
ಗೊತ್ತಿದ್ದದ್ದನ್ನೇ ಕೇಳಿದೆ:
'ಮೊದಲು ಸುಡುತ್ತೆ, ಅಲ್ವಾ?'
ತಿರುಗಿ ನನ್ನ ಅಂಗೈ ನೋಡಿದ.
'ಸುಡುತ್ತೆ. ಆಮೇಲೆ ಏನೂ ಇಲ್ಲ.'
'ಏನೂ ಇಲ್ಲ' ಅಂದೆ ನಾನೂ.
ಸ್ವಲ್ಪ ಹೊತ್ತಾದ ಮೇಲೆ
'ನಿಮ್ಮ ಒಂದು ಅಚ್ಚು ಎಷ್ಟು ಕೇಜಿ?' ಅಂದ.

ತುದಿಯಲ್ಲಿ ಗಾಳಿ
ಅಂಗಿಯೊಳಗೆ ಕೈ ಹಾಕಿ ಜೇಬು ತಡಕಿತು.
ಎಲ್ಲ ಗುಡ್ಡಗಳ ಬೆನ್ನಿನ ಮೇಲೂ ಗಾಳಿಯಂತ್ರಗಳು,
ಒಂದು ತಿರುಗಿದರೆ ಒಂದು ಸುಮ್ಮನೆ ನಿಂತಿತ್ತು.
ಊರು ಬಣ್ಣದ ಡಬ್ಬಿಗಳ ಹಾಗೆ ಚೆಲ್ಲಿಕೊಂಡಿತ್ತು,
ಏಳು ಸುತ್ತಿನ ಕೋಟೆ ಕಣದ ಮೂಲೆಗೆ
ಗುಡಿಸಿಟ್ಟ ಕಲ್ಲು.
ಆಚೆ, ಬಹಳ ಆಚೆ, ಒಂದು ಬಿಳಿ ಗೆರೆ.

'ಮಾರಿಕಣಿವೆ ನೀರು' ಅಂದೆ.
'ಮಂಜು' ಅಂದ ಪಾಲಯ್ಯ.
ಒಂದು ಕಣ್ಣು ಮುಚ್ಚಿ, ತೋಳು ನೀಡಿ,
ಹೆಬ್ಬೆರಳಿನಿಂದ ಅದನ್ನು ಅಳೆದ, ಮತ್ತೆ ಅಳೆದ.
ಕಡಲೆಕಾಯಿ ಮುಗಿಯುವವರೆಗೂ ವಾದ ನಡೆಯಿತು.
ಹೊತ್ತು ಏರಿದರೂ ಗೆರೆ ಅಲ್ಲೇ ಇತ್ತು.
'ಹೋಗ್ಲಿ, ನೀರೇ' ಅಂದ ಕೊನೆಗೆ.

ಆಮೇಲೆ ಅವನಾಗಿಯೇ ಹೇಳಿದ:
'ನಮ್ಮ ಪೋಸ್ಟಿನ ಕೆಳಗೊಂದು ಕೆರೆ ಇತ್ತು.
ವರ್ಷಕ್ಕೆ ಎರಡು ತಿಂಗಳು ಕೆರೆ,
ಮಿಕ್ಕ ಹತ್ತು ತಿಂಗಳು ರಸ್ತೆ.
ಲಾರಿ ಓಡಿಸ್ತಿದ್ವಿ ಅದರ ಮೇಲೆ.'
'ನಮ್ಮೂರ ಕೆರೆನೂ ಹಂಗೇ ಕಣೋ' ಅಂದೆ.
'ಎರಡು ತಿಂಗಳು ಕೆರೆ,
ಮಿಕ್ಕ ಹತ್ತು ತಿಂಗಳು ಕ್ರಿಕೆಟ್ಟು.'
ಆಗ ನಕ್ಕ. ಬೇರೆ ನಗು.
ಗುಡ್ಡದಷ್ಟೇ ಎತ್ತರದ್ದು.

ಗೇಟಿನಲ್ಲಿ ಗಾರ್ಡಿಗೆ ಆಶ್ಚರ್ಯ:
ತುಂಬಿಸಿಕೊಂಡು ಹೋದ ಬಾಟಲಿ
ತುಂಬಿಕೊಂಡೇ ವಾಪಸು ಬಂದದ್ದು ಅವನು ನೋಡಿರಲಿಲ್ಲ.
ಒಂದನ್ನು ಪಾಲಯ್ಯ ಮನೆಗೆ ಒಯ್ದ, ಯಾಕೋ.
ಇನ್ನೊಂದನ್ನು ಸೋಮವಾರ ಬೆಳಗ್ಗೆ
ಯಾರೂ ಇಲ್ಲದಾಗ ಒಂದು ಅಚ್ಚಿಗೆ ಸುರಿದೆ.
ಐವತ್ತು ಕೇಜಿ ಅಚ್ಚಿಗೆ ಒಂದು ಲೀಟರ್ ಯಾವ ಲೆಕ್ಕ.
ಗುರುತು ಹಾಕಬೇಕಿತ್ತು, ಮರೆತೆ.
ಮಂಗಳವಾರ ಎಲ್ಲವೂ ಒಂದೇ ಥರ ಬೆಳ್ಳಗೆ ಮೇಲೆದ್ದು ಬಂದವು,
ಗಾಡಿಗಳು ಬಂದವು,
ಒಡೆದು ಕೊಟ್ಟೆ.